ಕೊಬ್ಬಿನ ಬುತ್ತಿ

ಉತ್ತರ ಅಮೆರಿಕದ ಮೂಲನಿವಾಸಿಗಳ ಕ್ರೀ ಭಾಷೆಯಲ್ಲಿ ‘ಪಿಮೀ’ ಎಂದರೆ ಕೊಬ್ಬು. ಪೆಮ್ಮಿಕನ್ ಎಂಬ ಒಣಮಾಂಸದ ಬುತ್ತಿಗೆ ಹೆಸರು ಬಂದದ್ದು ಅದರಿಂದಲೇ. ಅಲ್ಲಿನ ಹುಲ್ಲುಗಾವಲಿನ ಹೆಂಗಸರು ಬೈಸನ್ ಮಾಂಸವನ್ನು (ನಮ್ಮ ಕಾಟಿಯ ದೂರದ ನೆಂಟ ಅದು) ತೆಳ್ಳಗೆ ಸೀಳಿ, ಬಿಸಿಲಿಗೋ ಬೆಂಕಿಯ ಕಾವಿಗೋ ಒಡ್ಡಿ ಗರಿಗರಿಯಾಗಿ ಒಣಗಿಸುತ್ತಿದ್ದರು. ಕಲ್ಲಿನಿಂದ ಜಜ್ಜಿದರೆ ಎಳೆಎಳೆಯಾದ ಪುಡಿ. ಅದರ ಮೇಲೆ ಕರಗಿಸಿದ ಬಿಸಿ ಕೊಬ್ಬು, ಕೆಲವೊಮ್ಮೆ ಒಂದು ಹಿಡಿ ಸಸ್ಕಟೂನ್ ಹಣ್ಣು. ತೊಗಲಿನ ಚೀಲಕ್ಕೆ ತುಂಬಿ ಹೊಲಿದರೆ ವರ್ಷಗಟ್ಟಲೆ ಕೆಡದು.

ನನಗೆ ಬೆರಗು ಆ ಕೊಬ್ಬಿನ ಲೆಕ್ಕದಲ್ಲಿ. ಬೇಟೆಯ ಮಾಂಸದಲ್ಲಿ ಪ್ರೋಟೀನು, ಕಬ್ಬಿಣ ಹೇರಳ, ಕೊಬ್ಬು ಕಮ್ಮಿ. ಚಳಿಗಾಲದಲ್ಲಿ ಬಡಕಲು ಮೊಲವನ್ನಷ್ಟೇ ತಿಂದವರು ಹೊಟ್ಟೆ ತುಂಬಿದ್ದರೂ ಭೇದಿ ಹತ್ತಿ ಸೊರಗುತ್ತಿದ್ದರು. ಪ್ರೋಟೀನನ್ನು ನಿಭಾಯಿಸುವ ಯಕೃತ್ತಿನ ಶಕ್ತಿಗೂ ಒಂದು ಮಿತಿಯಿದೆ. ಶರತ್ಕಾಲದ ಕರಡಿಗೆ ಅಷ್ಟು ಬೆಲೆ ಇದ್ದದ್ದೂ ಇದಕ್ಕೇ: ದೀರ್ಘ ನಿದ್ದೆಗೆ ಜಾರುವ ಮೊದಲು ಅದು ಮೈತುಂಬ ಕೊಬ್ಬು ಕೂಡಿಸಿಕೊಂಡಿರುತ್ತದೆ.

ಪ್ರಯೋಗಾಲಯ ಕಾಣದ ಆ ಹೆಂಗಸರು ಪುಡಿಗೆ ಹೆಚ್ಚುಕಡಿಮೆ ಸಮತೂಕದ ಕೊಬ್ಬು ಬೆರೆಸುತ್ತಿದ್ದರು. ಒಂದು ಚೀಲದ ತೂಕ ಸುಮಾರು 40 ಕಿಲೋ. ತುಪ್ಪಳ ವ್ಯಾಪಾರದ ದೋಣಿಗಾರರ ತೋಳಿಗೆ ಕಸುವು ಕೊಟ್ಟದ್ದು ಅದೇ. 1814ರಲ್ಲಿ ಕೆನಡಾದ ರೆಡ್ ರಿವರ್ ವಸಾಹತಿನಿಂದ ಪೆಮ್ಮಿಕನ್ ಹೊರಗೊಯ್ಯಬಾರದೆಂದು ಆಜ್ಞೆ ಹೊರಟಾಗ ಅದನ್ನು ಮಾಡಿ ಮಾರುತ್ತಿದ್ದ ಮೆಟಿ ಜನ (ಮೂಲನಿವಾಸಿ ಮತ್ತು ಯುರೋಪಿಯನ್ ಮಿಶ್ರ ಸಂತತಿಯವರು) ತಿರುಗಿಬಿದ್ದರು.