ಬಳ್ಳಿಗಾವಿಯ ಕೋಡಿಮಠ

ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯಲ್ಲಿ ಕೇದಾರೇಶ್ವರ ದೇವಾಲಯವನ್ನು ಆಶ್ರಯಿಸಿ ಬೆಳೆದ ಕೋಡಿಮಠ, ಕಲ್ಯಾಣ ಚಾಲುಕ್ಯರ ಕಾಲದ ಕನ್ನಡ ನಾಡಿನ ದೊಡ್ಡ ವಿದ್ಯಾಕೇಂದ್ರಗಳಲ್ಲಿ ಒಂದು. ಕಾಳಾಮುಖ ಶೈವ ಯತಿಗಳು ಇದನ್ನು ನಡೆಸುತ್ತಿದ್ದರು. ಅರಸರೂ ಅಧಿಕಾರಿಗಳೂ ಭೂಮಿಯನ್ನು ದತ್ತಿ ಬಿಟ್ಟರು. ಆ ಭೂಮಿಯ ಉತ್ಪನ್ನದಿಂದಲೇ ಪೂಜೆ, ಪಾಠ, ಊಟ ಎಲ್ಲವೂ ಸಾಗುತ್ತಿದ್ದವು.

ಕಳಚೂರಿ ಅರಸ ಬಿಜ್ಜಳನ ಕಾಲದ 1162ರ ಶಾಸನ ಇಲ್ಲಿನ ಕಲಿಕೆಯನ್ನು ವಿವರವಾಗಿ ಹೇಳುತ್ತದೆ. ನಾಲ್ಕು ವೇದಗಳು, ಕೌಮಾರ, ಪಾಣಿನೀಯ, ಶಾಕಟಾಯನ ವ್ಯಾಕರಣಗಳು, ನ್ಯಾಯ, ವೈಶೇಷಿಕ, ಮೀಮಾಂಸೆ, ಸಾಂಖ್ಯ, ಪತಂಜಲಿಯ ಯೋಗ, ಪುರಾಣ, ಕಾವ್ಯ, ನಾಟಕ ಇಲ್ಲಿದ್ದವು. ಶೈವ ಮಠವೊಂದು ಬೌದ್ಧ ದರ್ಶನಕ್ಕೂ ಪಾಠದಲ್ಲಿ ಜಾಗ ಕೊಟ್ಟಿತ್ತೆಂಬುದು ನಿಜಕ್ಕೂ ದೊಡ್ಡ ಮಾತು. ದೀನರು, ಕುರುಡರು, ಕಿವುಡರಿಗೆ ಅನ್ನ ಸಿಗುತ್ತಿತ್ತು, ರೋಗಿಗಳಿಗೆ ಔಷಧೋಪಚಾರವಿತ್ತು. ಜೈನ, ಬೌದ್ಧ ಸನ್ಯಾಸಿಗಳಿಗೂ ಊಟಕ್ಕೆ ತಡೆಯಿರಲಿಲ್ಲ.

ಸಮೀಪದ ತಾಳಗುಂದದ್ದು ಇನ್ನೂ ಹಳೆಯ ಪರಂಪರೆ. ಉನ್ನತ ವ್ಯಾಸಂಗಕ್ಕೆಂದು ಕಂಚಿಯ ಘಟಿಕೆಗೆ ಹೋದ, ಮುಂದೆ ಕದಂಬ ರಾಜ್ಯ ಕಟ್ಟಿದ ಮಯೂರಶರ್ಮ ಇದೇ ಊರಿನವನು. ತಾಳಗುಂದದ ಅಗ್ರಹಾರದ 1158ರ ಶಾಸನದಲ್ಲಿ ವೇದ ಕಲಿಸುವವರ ಜೊತೆಗೆ ಕನ್ನಡ ಕಲಿಸುವವರಿಗೂ ದತ್ತಿ ಇತ್ತು. ಮಕ್ಕಳ ಅಕ್ಷರಾಭ್ಯಾಸವನ್ನು ವೇದಪಾಠದಷ್ಟೇ ಗೌರವದಿಂದ ಕಂಡ ಈ ವ್ಯವಸ್ಥೆ ಮೆಚ್ಚುವಂಥದ್ದು. ಸೊರಬ ತಾಲ್ಲೂಕಿನ ಕುಪ್ಪಟೂರು ಕೂಡ ಹೆಸರಾದ ಅಗ್ರಹಾರವಾಗಿತ್ತು.

ಕೋಡಿಮಠದ ಪಾಠಗಳು ನಿಂತು ಶತಮಾನಗಳಾದವು; ಮೂರು ಗರ್ಭಗುಡಿಗಳ ಕೇದಾರೇಶ್ವರ ದೇವಾಲಯ ಮತ್ತು ಶಾಸನಗಳು ಬಳ್ಳಿಗಾವಿಯಲ್ಲಿ ಇಂದಿಗೂ ಉಳಿದಿವೆ.