ಹಳೆಯ ಬಸ್‌ಗಳಿಗೆ ಕರ್ನೆಲ್‌ನಲ್ಲಿ ಎಷ್ಟು ಜಾಗ?

ಗಣಕದಲ್ಲಿ ಪ್ರೊಸೆಸರು, ಸ್ಮೃತಿ ಮತ್ತು ಬಿಡಿ ಕಾರ್ಡುಗಳನ್ನು ಜೋಡಿಸುವ ತಂತಿಗಳ ಹಾದಿಗೆ ಬಸ್ ಎನ್ನುತ್ತಾರೆ. ಹಾದಿ ಬದಲಾದಾಗ ಹಳೆಯ ಕಾರ್ಡುಗಳ ಗತಿಯೇನು? ಇದನ್ನು ತೀರ್ಮಾನಿಸುವುದರಲ್ಲಿ ಕಾರ್ಯಾಚರಣಾ ವ್ಯವಸ್ಥೆಯ ತಿರುಳಾದ ಕರ್ನೆಲ್‌ಗೂ ಪಾಲಿದೆ. ಲಿನಕ್ಸ್ ಈ ವಿಷಯದಲ್ಲಿ ನಡೆದುಕೊಂಡ ರೀತಿ ಬಹುಮಟ್ಟಿಗೆ ಸರಿ. ಒಂದು ಕಡೆ ಮಾತ್ರ ಅದರ ತರ್ಕ ಸಡಿಲವಾಗಿದೆ.

1981ರ ಐಬಿಎಂ ಪಿಸಿಯಲ್ಲಿ 8 ಬಿಟ್ ಅಗಲವಿದ್ದ ಬಸ್ 1984ರ ಪಿಸಿ ಎಟಿಯಲ್ಲಿ 16 ಬಿಟ್‌ಗೆ ಹಿಗ್ಗಿತು. ಐಎಸ್‌ಎ ಎಂಬ ಹೆಸರು ಬಂದದ್ದು ಆಮೇಲೆ. ಕಾರ್ಡು ತನ್ನ ಗುರುತು ಹೇಳಿಕೊಳ್ಳುವ ಏರ್ಪಾಡು ಇದರಲ್ಲಿ ಮೊದಲಿಗೆ ಇರಲೇ ಇಲ್ಲ. ಡ್ರೈವರ್ ಒಂದೊಂದೇ ಪೋರ್ಟನ್ನು ತಟ್ಟಿ ನೋಡಬೇಕು. ತಪ್ಪು ಬಾಗಿಲು ತಟ್ಟಿದರೆ ಯಂತ್ರವೇ ಸ್ತಬ್ಧವಾಗಬಹುದು. ಇನ್ನೂ ದೀರ್ಘಾಯುಷಿಯಾದ ತೊಡಕು ವಿಳಾಸದ್ದು. ಎಟಿ ಬಸ್‌ನಲ್ಲಿ ವಿಳಾಸಕ್ಕೆ 24 ತಂತಿಗಳು. ಆದ್ದರಿಂದ ಪ್ರೊಸೆಸರಿನ ನೆರವಿಲ್ಲದೆ ಸ್ಮೃತಿಯನ್ನು ಮುಟ್ಟುವ (ಡಿಎಂಎ) ಕಾರ್ಡು 2ರ 24ನೆಯ ಘಾತ, ಅಂದರೆ 16 ಮೆಗಾಬೈಟ್ ದಾಟಲಾರದು. ಇದಕ್ಕಾಗಿ ಎಕ್ಸ್86 ಲಿನಕ್ಸ್ ಮೊದಲ 16 ಮೆಗಾಬೈಟನ್ನು ಪ್ರತ್ಯೇಕ ವಲಯವಾಗಿ ಕಾಯ್ದಿರಿಸಿತು. ಐಎಸ್‌ಎ ಕಿಂಡಿಗಳು ಸಾಮಾನ್ಯ ಮದರ್‌ಬೋರ್ಡುಗಳಿಂದ ಮಾಯವಾಗಿ ಎಷ್ಟೋ ವರ್ಷಗಳಾದ ಮೇಲೂ, ಗಿಗಾಬೈಟುಗಟ್ಟಲೆ ಸ್ಮೃತಿಯಿರುವ ಯಂತ್ರಗಳಲ್ಲಿ ಈ ವಲಯ ಉಳಿದುಕೊಂಡಿತು. ಕುತೂಹಲವಿರುವ ವಿದ್ಯಾರ್ಥಿ ಪ್ರೊಕ್ ಕೋಶದ ಜೋನ್‌ಇನ್ಫೋ ಕಡತವನ್ನು ತೆರೆದು ನೋಡಬಹುದು.

1987ರಲ್ಲಿ ಐಬಿಎಂ ತನ್ನ ಪಿಎಸ್/2 ಯಂತ್ರಗಳಿಗೆ ತಂದ ಮೈಕ್ರೋಚಾನೆಲ್ ಬಸ್‌ಗೆ ಹಳೆಯ ಕಾರ್ಡುಗಳು ಕೂರುತ್ತಿರಲಿಲ್ಲ. 2012ರಲ್ಲಿ ಲಿನಕ್ಸ್ 3.5 ಅದರ ಬೆಂಬಲವನ್ನು ಕಿತ್ತುಹಾಕಿತು. ಅದು ಸರಿಯೇ. ಓಡಿಸಿ ಪರೀಕ್ಷಿಸಲು ಯಾರ ಬಳಿಯೂ ಯಂತ್ರವಿಲ್ಲದ ಸಂಕೇತವನ್ನು ‘ಬೆಂಬಲ’ ಎನ್ನುವುದು ಹೆಸರಿಗಷ್ಟೆ. ಒಳಗಿನ ಪ್ರತಿ ಮಾರ್ಪಾಡಿಗೂ ಅಂಥ ಕಡತಗಳನ್ನು ಕುರುಡಾಗಿ ತಿದ್ದಬೇಕಾಗುತ್ತದೆ.

ಪಿಸಿಐ ಎಕ್ಸ್‌ಪ್ರೆಸ್ ಕಥೆ ಬೇರೆ. ಅದರಲ್ಲಿ ಸಾಧನದ ಗುರುತು ಮತ್ತು ಜೋಡಣೆಯ ವಿವರಗಳಿರುವ ಪ್ರದೇಶ 4096 ಬೈಟ್‌ಗೆ ಬೆಳೆಯಿತು. ಮೊದಲ 256 ಬೈಟ್ ಮಾತ್ರ ಹಳೆಯ ಪಿಸಿಐ ಮಾದರಿಯಲ್ಲೇ ಉಳಿದವು. ತಂತಿಗಳು ಪೂರ್ತಿ ಬದಲಾದರೂ ಹಳೆಯ ಕರ್ನೆಲ್‌ಗೆ ಹೊಸ ಸಾಧನ ಪಿಸಿಐ ಸಾಧನದಂತೆಯೇ ಕಂಡಿತು. ಹೊಂದಾಣಿಕೆಯ ಭಾರವನ್ನು ಇಲ್ಲಿ ಹೊತ್ತದ್ದು ಮಾನಕ, ಕರ್ನೆಲ್ ಅಲ್ಲ.

ಈಗ ಆಕ್ಷೇಪಕ್ಕೆ ಬರೋಣ. ಬಳಕೆದಾರರ ಕ್ರಮವಿಧಿಗಳಿಗೆ ಲಿನಕ್ಸ್ ಕೊಡುವ ಸ್ಥಿರತೆಯ ಭರವಸೆ ಒಳಗಿನ ಡ್ರೈವರ್‌ಗಳಿಗೆ ಇಲ್ಲ. ಮೂಲದೊಳಗೆ ಸೇರಿದ ಡ್ರೈವರನ್ನು ತಿದ್ದುತ್ತಾ ಹೋಗುತ್ತಾರೆ, ಹೊರಗುಳಿದದ್ದು ಒಣಗುತ್ತದೆ. ಯುಎಸ್‌ಬಿ ವ್ಯವಸ್ಥೆಯನ್ನು ಹಲವು ಸಲ ಹೊಸದಾಗಿ ಬರೆಯಲು ಸಾಧ್ಯವಾದದ್ದು ಈ ನೀತಿಯಿಂದಲೇ, ಒಪ್ಪೋಣ. ಆದರೆ ಪ್ರಯೋಗಾಲಯದ ಅಳತೆ ಉಪಕರಣಕ್ಕೆ ಗಣಕಕ್ಕಿಂತ ಆಯಸ್ಸು ಹೆಚ್ಚು. ಅದರ ಐಎಸ್‌ಎ ಕಾರ್ಡಿಗೆ ತಯಾರಕರು ಯಾವುದೋ ಒಂದು ಹಳೆಯ ಆವೃತ್ತಿಗೆ ಮಾತ್ರ ಡ್ರೈವರ್ ಕೊಟ್ಟಿದ್ದರೆ, ಆ ಯಂತ್ರ ಅಲ್ಲಿಗೇ ಕಟ್ಟಿಬೀಳುತ್ತದೆ. ಭದ್ರತಾ ತಿದ್ದುಪಡಿಗಳೂ ಸಿಗವು. ಬೆಂಬಲ ತೆಗೆಯುವಾಗ ‘ಬಳಸುವವರು ಯಾರೂ ಕಾಣುತ್ತಿಲ್ಲ’ ಎಂಬ ಕಾರಣ ಬಂದರೆ ತರ್ಕ ಸಡಿಲವಾಗುವುದು ಇಲ್ಲೇ. ಹಳೆಯ ಆವೃತ್ತಿಗೆ ಅಂಟಿಕೊಂಡವರು ಹೊಸದನ್ನು ಪರೀಕ್ಷಿಸುವುದಿಲ್ಲ, ಆದ್ದರಿಂದ ದೂರನ್ನೂ ಕೊಡುವುದಿಲ್ಲ. ಅವರ ಮೌನವನ್ನು ಗೈರುಹಾಜರಿ ಎಂದು ಎಣಿಸಲಾಗುತ್ತದೆ. ತೆಗೆಯುವ ಮೊದಲು ದೀರ್ಘಾವಧಿ ಆವೃತ್ತಿಗಳಲ್ಲೇ ಎಚ್ಚರಿಕೆ ಮುದ್ರಿಸಿ, ಎರಡು ಮೂರು ವರ್ಷ ಕಾಯುವುದು ದುಬಾರಿಯೇನಲ್ಲ.