ಕಲೋನಿನ ಕಿಟಕಿಯನ್ನು ನೋಡುವ ಬಗೆ

ಕಲೋನ್ ಕ್ಯಾಥೆಡ್ರಲ್‌ಗೆ ಹೋಗುವುದಾದರೆ ಬಿಸಿಲಿರುವ ದಿನ ನೋಡಿಕೊಂಡು ಮಧ್ಯಾಹ್ನದ ಹೊತ್ತಿಗೆ ಹೋಗಿ, ಬಲಿಪೂಜೆಯ ವೇಳೆ ತಪ್ಪಿಸಿ. ಚಿತ್ರಕಾರ ಗೆರ್ಹಾರ್ಡ್ ರಿಖ್ಟರ್ ರೂಪಿಸಿದ ಬಣ್ಣದ ಗಾಜಿನ ಕಿಟಕಿ ಇರುವುದು ದಕ್ಷಿಣದ ಗೋಡೆಯಲ್ಲಿ. ಜರ್ಮನಿಯಲ್ಲಿ ನಡುಹಗಲಿನ ಬಿಸಿಲು ಬೀಳುವುದೂ ಆ ದಿಕ್ಕಿನಿಂದಲೇ. ಮೋಡದ ದಿನ ಹೋದವರಿಗೆ ಸಿಗುವುದು ಅರ್ಧ ಕಿಟಕಿ.

ನೇರವಾಗಿ ಅದರ ಮುಂದೆ ಹೋಗಿ ನಿಲ್ಲಬೇಡಿ. ಬವೇರಿಯಾದ ದೊರೆ ಒಂದನೇ ಲುಡ್ವಿಗ್ ಕಾಣಿಕೆ ಕೊಟ್ಟ 1848ರ ಕಿಟಕಿಗಳು ಅದೇ ಬದಿಯಲ್ಲಿವೆ, ಮೊದಲು ಅವನ್ನು ನೋಡಿ. ಕಲ್ಲೇಟಿಗೆ ಸಿಕ್ಕ ಸ್ತೆಫನ, ಯೇಸುವಿಗಾಗಿ ಅಳುವವರು. ಇವರು ಯಾರು, ಇಲ್ಲೇನು ನಡೆಯುತ್ತಿದೆ ಎಂದು ಕಣ್ಣು ತಾನಾಗಿ ಕೇಳುತ್ತದೆ. ತೇರಿನ ಕೆತ್ತನೆಯ ಮುಂದೆ ನಾವು ಕೇಳುವುದೂ ಇದನ್ನೇ. ಆ ಪ್ರಶ್ನೆ ಹಿಡಿದುಕೊಂಡೇ ರಿಖ್ಟರ್ ಅವರ ಕಿಟಕಿಗೆ ಬನ್ನಿ. ಅಲ್ಲಿ ಅದು ನಡೆಯುವುದಿಲ್ಲ.

ಸಂತರಿಲ್ಲ, ಶಿಲುಬೆಯಿಲ್ಲ. ಸುಮಾರು 113 ಚದರ ಮೀಟರ್ ತುಂಬ ಚೌಕಗಳು, 11,000ಕ್ಕೂ ಹೆಚ್ಚು, ಒಂದೊಂದೂ ಅಂಗೈಯಗಲ. ಬಣ್ಣಗಳು 72, ಇಲ್ಲಿನ ಹಳೆಯ ಕಿಟಕಿಗಳ ಬಣ್ಣಕ್ಕೆ ಒಗ್ಗುವಂಥವು. ಯಾವುದರ ಪಕ್ಕ ಯಾವುದು ಎಂಬುದನ್ನು ಬಹುಪಾಲು ಕಂಪ್ಯೂಟರಿನ ಯಾದೃಚ್ಛಿಕ ಆಯ್ಕೆಗೆ ಬಿಟ್ಟರು. ಪೂರ್ತಿ ಬಿಡಲಿಲ್ಲ: ಉದ್ದುದ್ದ ಪಟ್ಟಿಗಳಲ್ಲಿ ಕೆಲವು ಉಳಿದವುಗಳ ಕನ್ನಡಿಬಿಂಬ. ಹುಡುಕಿ ನೋಡಿ, ಕುತ್ತಿಗೆ ನೋಯುತ್ತದೆ.

ಎರಡನೇ ಮಹಾಯುದ್ಧದಲ್ಲಿ ಈ ಕಿಟಕಿಯ ಹಳೆಯ ಗಾಜು ಹಾಳಾಗಿತ್ತು. ಇಪ್ಪತ್ತನೇ ಶತಮಾನದ ಹುತಾತ್ಮರನ್ನು ಚಿತ್ರಿಸಬೇಕೆಂಬುದು ಕ್ಯಾಥೆಡ್ರಲ್‌ನವರ ಮೊದಲ ಯೋಚನೆ. ನಾಜಿಗಳು ಜನರನ್ನು ಗುಂಡಿಕ್ಕಿ ಕೊಲ್ಲುವ ಫೋಟೋ ಇಟ್ಟುಕೊಂಡು ರಿಖ್ಟರ್ ಪ್ರಯತ್ನಿಸಿದರು, ಕೈಬಿಟ್ಟರು. ಕೊನೆಗೆ ದಾರಿ ತೋರಿದ್ದು ತಮ್ಮದೇ '4096 ಬಣ್ಣಗಳು' ಎಂಬ 1974ರ ಚಿತ್ರ.

2007ರ ಆಗಸ್ಟ್‌ನಲ್ಲಿ ಕಿಟಕಿ ಅನಾವರಣಗೊಂಡಾಗ ಆರ್ಚ್‌ಬಿಷಪ್ ಕಾರ್ಡಿನಲ್ ಮೈಸ್ನರ್ ಬರಲಿಲ್ಲ. ಮಸೀದಿಗೋ ಬೇರೊಂದು ಪ್ರಾರ್ಥನಾಲಯಕ್ಕೋ ಇದು ಹೆಚ್ಚು ಹೊಂದುತ್ತದೆ ಎಂಬುದು ಅವರ ಆಕ್ಷೇಪ. ಹಳೆಯ ಕಾಲದವರೆಂದು ನಗಬೇಡಿ. ಕಿಟಕಿಯನ್ನು ಮೆಚ್ಚಿದ ಎಷ್ಟೋ ಜನರಿಗಿಂತ ಚೆನ್ನಾಗಿ ಅವರು ಅದನ್ನು ನೋಡಿದ್ದರು: ಹೆಸರು ಕುರುಹಿಲ್ಲದ ಬಣ್ಣ ಯಾವ ದೇವರ ಮನೆಗಾದರೂ ಸಲ್ಲುತ್ತದೆ. ಅವರು ಕೊರತೆ ಅಂದದ್ದೇ ನನಗೆ ಅದರ ಬಲ.

ಇನ್ನು ಕಿಟಕಿಗೆ ಬೆನ್ನು ಹಾಕಿ. ಗಾಜಿನಲ್ಲಿ ಅಂಚು ಕೊರೆದಂತಿದ್ದ ಚೌಕಗಳು ಕಂಬದ ಮೇಲೂ ನೆಲದ ಮೇಲೂ ಕಲಸಿಹೋಗಿರುತ್ತವೆ, ಬಿಸಿಲಿನ ಜೊತೆ ಸರಿಯುತ್ತವೆ. ಹಳೆಯ ಕಿಟಕಿಗಳೂ ಇದನ್ನೇ ಮಾಡುತ್ತಿದ್ದವು. ಕಥೆ ಓದುವ ಭರದಲ್ಲಿ ಅಲ್ಲಿ ನಮ್ಮ ಗಮನ ನೆಲದತ್ತ ಹೋಗಿರುವುದಿಲ್ಲ. ಲುಡ್ವಿಗ್‌ನ ಕಿಟಕಿಗಳ ಕಡೆಗೆ ಇನ್ನೊಮ್ಮೆ ಹೋಗಿ, ಈ ಸಲ ಸ್ತೆಫನನನ್ನು ಬಿಟ್ಟು ಅವನ ಮೈಮೇಲಿನ ಬಣ್ಣ ನೋಡಿ.